ಉರಿ ಇದೆಯೋ ಇಲ್ಲವೋ?

ಸಂಘದ ಬಂಧುಗಳಲ್ಲಿ ತಮ್ಮ ಮನೆಯ ನೆಲಮಾಳಿಗೆಗೆ ಇಳಿದು ಫರ್ನೇಸಿನ ಮುಚ್ಚಳ ತೆಗೆದು ನೋಡಿದವರು ವಿರಳವೆಂದು ನಮ್ಮ ಊಹೆ. ಕಳೆದ ಜನವರಿಯ ಒಂದು ರಾತ್ರಿ ನಾವು ನೋಡಲೇಬೇಕಾಯಿತು. ಗ್ಯಾಸು ಹೊತ್ತಿಕೊಳ್ಳುವುದು, ನಾಲ್ಕೈದು ಸೆಕೆಂಡಿಗೆ ಆರುವುದು. ಮತ್ತೆ ಹೊತ್ತುವುದು, ಮತ್ತೆ ಆರುವುದು. ಮಕ್ಕಳು ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕುಳಿತಿದ್ದರು. ಕಡೆಗೆ ಸಿಕ್ಕಿಬಿದ್ದದ್ದು ಬರ್ನರಿನ ಮುಂದೆ ಚಾಚಿಕೊಂಡಿದ್ದ, ಪೆನ್ಸಿಲಿಗಿಂತ ಸಣ್ಣದಾದ ಒಂದು ಲೋಹದ ಕಡ್ಡಿ. ‘ಉರಿ ಇದೆ’ ಎಂದು ಸಾಕ್ಷಿ ಹೇಳುವುದೊಂದೇ ಅದರ ಕೆಲಸ. ಮೈಮೇಲೆ ಸಿಲಿಕಾದ ತೆಳು ಪದರ ಕಟ್ಟಿ ಅದರ ಬಾಯಿ ಮುಚ್ಚಿಹೋಗಿತ್ತು. ಗ್ಯಾಸನ್ನೂ ಕರೆಂಟನ್ನೂ ನಿಲ್ಲಿಸಿ ಉಕ್ಕಿನ ನಾರಿನಿಂದ ಉಜ್ಜಿದೆವು; ಮನೆ ಬೆಚ್ಚಗಾಯಿತು. ಆಮೇಲೆ ಆ ಕಡ್ಡಿಯ ವಂಶಾವಳಿ ಹುಡುಕುವ ಆಸೆ ಹುಟ್ಟಿತು.

ಉರಿ ಆರುವುದಕ್ಕಿಂತ ಆರಿದ್ದು ತಿಳಿಯದಿರುವುದು ಹೆಚ್ಚು ಅಪಾಯ. 1999ರ ಫೆಬ್ರವರಿ 1ರಂದು ಮಿಷಿಗನ್ನಿನ ಡಿಯರ್‌ಬರ್ನ್‌ನಲ್ಲಿ, ರೂಜ್ ವಿದ್ಯುದಾಗಾರದ ಬಾಯ್ಲರೊಂದನ್ನು ನಿಲ್ಲಿಸುತ್ತಿದ್ದಾಗ ಉರಿಯಿಲ್ಲದ ಅದರ ಒಡಲಿನಲ್ಲಿ ಗ್ಯಾಸು ತುಂಬಿ ಸ್ಫೋಟಿಸಿತು. ಆರು ಮಂದಿ ಸತ್ತರು.

ಹಿಂದಿನ ಕಾಲದಲ್ಲಿ ಕುಲುಮೆಯ ಕಿಂಡಿಯಲ್ಲಿ ಇಣುಕುವ ಆಳಿನ ಕಣ್ಣೇ ಕಾವಲು. ಆದರೆ ಕಾದ ಕುಲುಮೆಯಲ್ಲಿ ಇಟ್ಟಿಗೆಯೂ ಕೆಂಪಗೆ ಹೊಳೆಯುತ್ತದೆ. ಸುಮಾರು 525 ಡಿಗ್ರಿ ಸೆಂಟಿಗ್ರೇಡಿನಲ್ಲಿ ಘನವಸ್ತುಗಳು ಕಣ್ಣಿಗೆ ಕಾಣುವಂತೆ ಬೆಳಗತೊಡಗುತ್ತವೆಂದು ಜಾನ್ ಡ್ರೇಪರ್ 1847ರಲ್ಲೇ ತೋರಿಸಿದ್ದ. ಗ್ಯಾಸು ಗೋಡೆಯ ಶಾಖಕ್ಕೇ ಖಂಡಿತವಾಗಿ ಹೊತ್ತಿಕೊಳ್ಳುತ್ತದೆಂದು ನಂಬಿ, ಅಮೆರಿಕದ ಕೈಗಾರಿಕಾ ಕುಲುಮೆಗಳ ನಿಯಮಾವಳಿ ಜ್ವಾಲೆಯ ಕಾವಲನ್ನು ಸಡಿಲಿಸಲು ಒಪ್ಪುವುದು 760 ಡಿಗ್ರಿ ದಾಟಿದ ಮೇಲೆ. ಇವೆರಡರ ನಡುವಿನ ಶಾಖದಲ್ಲಿ ಒಳಗೆಲ್ಲ ಕೆಂಪು, ಆದರೆ ಉರಿಯ ಭರವಸೆಯಿಲ್ಲ. ಕಣ್ಣು ಮೋಸಹೋಗುವುದು ಸರಿಯಾಗಿ ಅಪಾಯವಿರುವ ಜಾಗದಲ್ಲೇ! ಗೋಚರ ಬೆಳಕನ್ನೋ ಅವಕೆಂಪು ಕಿರಣವನ್ನೋ ಅಳೆಯುವ ಸಾಧಾರಣ ಬೆಳಕಿನ ಕೋಶಗಳಿಗೂ ಇದೇ ಗತಿ.

1821ರಲ್ಲಿ ಸೀಬೆಕ್ ಕಂಡ ತತ್ತ್ವದ ಮೇಲೆ ನಿಂತ ಉಷ್ಣಯುಗ್ಮ, ಎಂದರೆ ಥರ್ಮೊಕಪಲ್, ಅಡುಗೆ ಒಲೆಗೆ ಸಾಕು. ಉರಿ ಆರಿದ ಮೇಲೆ ಅದು ತಣ್ಣಗಾಗಲು ಹತ್ತಾರು ಸೆಕೆಂಡು ಬೇಕು. ದೊಡ್ಡ ಬರ್ನರಿಗೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಕಾಲಾವಕಾಶ ಕೊಡುವುದಿಲ್ಲ.

ಬೇಕಾದದ್ದು ಉರಿಗೆ ಇದ್ದು ಬಿಸಿ ಇಟ್ಟಿಗೆಗೆ ಇಲ್ಲದ ಗುಣ. ಅದರ ಸುಳಿವು ಬಹಳ ಹಳೆಯದು. ಉಜ್ಜಿದ ಅಂಬರಿನ ಆಕರ್ಷಣೆ ಜ್ವಾಲೆಯ ಬಳಿ ಮಾಯವಾಗುವುದನ್ನು ಇಂಗ್ಲೆಂಡಿನ ವೈದ್ಯ ಗಿಲ್ಬರ್ಟ್ 1600ರಲ್ಲಿ ಬರೆದಿಟ್ಟಿದ್ದ. ಕಾರಣ ನಮ್ಮ ರಸಾಯನಶಾಸ್ತ್ರದ್ದು: ಉರಿಯಲ್ಲಿ ಸಿಎಚ್ ಎಂಬ ತುಣುಕು ಆಕ್ಸಿಜನ್ ಪರಮಾಣುವಿಗೆ ತಗುಲಿದಾಗ ಒಂದು ಅಯಾನೂ ಒಂದು ಎಲೆಕ್ಟ್ರಾನೂ ಹುಟ್ಟುತ್ತವೆ, ಆದ್ದರಿಂದ ಜ್ವಾಲೆ ವಿದ್ಯುತ್ತನ್ನು ಹಾಯಿಸುತ್ತದೆ. ಮಸಿಯೂ ತೇವವೂ ಹಾಯಿಸುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಆರಂಭದ ಉಪಕರಣಗಳಿಗೆ ಇದೇ ದೊಡ್ಡ ತೊಡಕು. ಪರಿಹಾರ ಬಹು ಜಾಣತನದ್ದು. ಸಣ್ಣ ಕಡ್ಡಿಗೂ ಅದಕ್ಕಿಂತ ನಾಲ್ಕು ಪಟ್ಟಾದರೂ ದೊಡ್ಡದಾದ ಬರ್ನರಿನ ಮೈಗೂ ನಡುವೆ ಎಸಿ ವಿದ್ಯುತ್ತನ್ನು ಕೊಟ್ಟರೆ, ಹಗುರ ಎಲೆಕ್ಟ್ರಾನುಗಳು ಕಡ್ಡಿಗೆ ಓಡುತ್ತವೆ, ಭಾರದ ಅಯಾನುಗಳು ಹಿಂದೆ ಬೀಳುತ್ತವೆ. ಪ್ರವಾಹ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಹರಿದು ಡಿಸಿ ಆಗುತ್ತದೆ. ಮಸಿಯ ಸೋರಿಕೆ ಎರಡೂ ದಿಕ್ಕಿಗೆ ಸಮ. ಉರಿ ಮಾತ್ರ ಹೀಗೆ ಪಕ್ಷಪಾತಿ. ನಮ್ಮ ನೆಲಮಾಳಿಗೆಯ ಕಡ್ಡಿ ಓದುವುದು ಈ ಕೆಲವು ಮೈಕ್ರೋ ಆಂಪಿಯರುಗಳನ್ನೇ.

ಆದರೆ ಕಡ್ಡಿ ಉರಿಯೊಳಗೇ ಇರಬೇಕು. ಉಕ್ಕು ಕಾಯಿಸುವ ಕುಲುಮೆಯ ದೊಡ್ಡ ಜ್ವಾಲೆಯನ್ನು ದೂರದಿಂದ ನೋಡುವುದೇ ವಾಸಿ. ಅಲ್ಲಿ ನೆರವಾದದ್ದು ಅತಿನೇರಳೆ ಕಿರಣ. ಅದು ಬಿದ್ದಾಗ ಕಿಡಿ ಸುಲಭವಾಗಿ ಹಾರುವುದನ್ನು ಹರ್ಟ್ಸ್ 1887ರಲ್ಲಿ ಕಂಡ. 1928ರಲ್ಲಿ ಗೈಗರ್ ಮತ್ತು ಮುಲ್ಲರ್ ಎಣಿಕೆಯ ನಳಿಗೆಯನ್ನು ಕಟ್ಟಿದರು. ಆ ಬಗೆಯ ಅತಿನೇರಳೆ ನಳಿಗೆ 185ರಿಂದ 260 ನ್ಯಾನೊಮೀಟರಿನ ಕಿರಣಕ್ಕೆ ಮಾತ್ರ ಓಗೊಡುತ್ತದೆ. ಕೆಂಪು ಇಟ್ಟಿಗೆ ಅಂಥ ಕಿರಣವನ್ನು ಬೀರುವುದು ಇಲ್ಲವೆನ್ನುವಷ್ಟು ಕಡಮೆ. ದೋಷವಿಲ್ಲದೆ ಇಲ್ಲ: ಎಣ್ಣೆಯ ಹಬೆ ಅಡ್ಡಬಂದರೆ ನಳಿಗೆ ಕುರುಡು. ಅದಕ್ಕಿಂತ ಕೆಟ್ಟದ್ದು, ಮುಪ್ಪಾದ ನಳಿಗೆ ಉರಿಯಿಲ್ಲದಾಗಲೂ ತಾನೇ ಮಿಡಿದು ‘ಇದೆ’ ಎನ್ನಬಹುದು. ನಮ್ಮ ಕಡ್ಡಿ ಕೆಟ್ಟಾಗ ಮನೆ ತಣ್ಣಗಾಯಿತು, ಅಷ್ಟೆ. ನಳಿಗೆ ಹೀಗೆ ಕೆಟ್ಟರೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿ ನಿರಂತರ ಉರಿಯುವ ಕುಲುಮೆಗಳಲ್ಲಿ ನಳಿಗೆಯ ಮುಂದೆ ಆಗಾಗ ರೆಪ್ಪೆ ಮುಚ್ಚುತ್ತಾರೆ. ಕತ್ತಲಲ್ಲೂ ‘ಇದೆ’ ಎಂದರೆ ಸಾಕ್ಷಿ ಸುಳ್ಳೆಂದು ತಿಳಿದು ಗ್ಯಾಸು ಕಟ್ಟಾಗುತ್ತದೆ. ಸಂವೇದಕ ಆರಿಸುವವರು ಸೂಕ್ಷ್ಮತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಕೆಟ್ಟರೆ ಇದು ಯಾವ ಕಡೆಗೆ ಕೆಡುತ್ತದೆ ಎಂಬುದೇ ಎಂದು ನಮ್ಮ ಅಭಿಪ್ರಾಯ. ಅನಿಲ ಟರ್ಬೈನುಗಳಲ್ಲಿ 1990ರ ದಶಕದಿಂದ ಈ ನಳಿಗೆಗಳ ಜಾಗಕ್ಕೆ ಸಿಲಿಕಾನ್ ಕಾರ್ಬೈಡ್ ಬಂದಿದೆ. ಸಾಣೆಕಲ್ಲಿನ ವಸ್ತುವೇ ಅದು!

ಈಗ ಹೈಡ್ರೊಜನ್ ಉರಿಸುವ ಮಾತು ಕೇಳಿಬರುತ್ತಿದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಇಂಗಾಲವಿಲ್ಲದ್ದರಿಂದ ಅಯಾನುಗಳೂ ಅತಿ ವಿರಳ. 1957-58ರಲ್ಲಿ ಆಸ್ಟ್ರೇಲಿಯದಲ್ಲೂ ದಕ್ಷಿಣ ಆಫ್ರಿಕದಲ್ಲೂ ಬೇರೆ ಬೇರೆಯಾಗಿ ರೂಪುಗೊಂಡು ನಮ್ಮ ಪ್ರಯೋಗಾಲಯಗಳಲ್ಲಿ ಇಂದಿಗೂ ದುಡಿಯುತ್ತಿರುವ ಜ್ವಾಲಾ ಅಯಾನೀಕರಣ ಶೋಧಕ ಇದೇ ಮೌನವನ್ನು ಬಳಸಿಕೊಳ್ಳುತ್ತದೆ: ಹೈಡ್ರೊಜನ್ ಉರಿಗೆ ಎಳ್ಳಷ್ಟು ಇಂಗಾಲ ಸಂಯುಕ್ತ ಬಿದ್ದರೂ ಪ್ರವಾಹ ಏರುತ್ತದೆ. ಬಾಯ್ಲರಿನ ಕಡ್ಡಿಗೆ ಮಾತ್ರ ಆ ಮೌನ ‘ಉರಿ ಇಲ್ಲ’ ಎಂದೇ ಕೇಳಿಸುತ್ತದೆ. ಅಲ್ಲಿಗೆ ಅತಿನೇರಳೆ ಕಣ್ಣೇ ಬೇಕು. ನಮ್ಮ ಕಡ್ಡಿ ಸದ್ಯಕ್ಕೆ ಮೀಥೇನಿನ ಮುಂದೆಯೇ ಇದೆ. ಚಳಿಗೆ ಮುನ್ನ ಮತ್ತೊಮ್ಮೆ ಉಜ್ಜಿ ಇಟ್ಟಿದ್ದೇವೆ.