ಪರವಾನಗಿ, ಒಸಿ, ಖಾತಾ: ಮನೆ ಕಟ್ಟುವವರ ದಾರಿ ತಪ್ಪಿಸುವ ಆರು ಫಾರ್ವರ್ಡ್‌ಗಳು

"1,200 ಚದರಡಿ ಒಳಗಿನ ಮನೆಗೆ ಇನ್ನು ಯಾವ ಪರವಾನಗಿಯೂ ಬೇಡ. ಎಲ್ಲರಿಗೂ ತಿಳಿಸಿ." ಇಂಥ ಸಂದೇಶ ನಿಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಒಸಿ ಇಲ್ಲದ ಮನೆಗಳನ್ನು ಕೆಡವುತ್ತಾರೆ, ಹುಷಾರ್!" ಒಂದು ಸಂದೇಶ ಪೂರ್ತಿ ಧೈರ್ಯ ಕೊಡುತ್ತದೆ, ಇನ್ನೊಂದು ಪೂರ್ತಿ ಹೆದರಿಸುತ್ತದೆ. ಎರಡೂ ಸರಿಯಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ದುಡಿಯಲು ಹೋಗಿ, ಕೂಡಿಟ್ಟ ದುಡ್ಡಿನಲ್ಲಿ ಊರಲ್ಲೊಂದು ಆರ್‌ಸಿಸಿ ಮನೆ ಕಟ್ಟಿಸುತ್ತವೆ. ಹಾಗೆ ಕಟ್ಟಿದ ಮನೆಗೆ ಕರೆಂಟ್ ಮೀಟರ್ ಸಿಗದಿದ್ದರೆ, ಬ್ಯಾಂಕು ಸಾಲ ಕೊಡದಿದ್ದರೆ, ಮುಂದೆ ಮಾರಲು ಹೋದಾಗ ಕಾಗದ ಸರಿಯಿಲ್ಲ ಎಂದು ಗಿರಾಕಿ ಹಿಂದೆ ಸರಿದರೆ ನಷ್ಟ ಫಾರ್ವರ್ಡ್ ಮಾಡಿದವರಿಗಲ್ಲ. ಆದ್ದರಿಂದ ಹೆಚ್ಚು ಓಡಾಡುವ ಆರು ಮಾತುಗಳನ್ನು ನಾವಿಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಇದು ತಿಳಿದಿರಲಿ: ಕಾಗದ ಒಂದಲ್ಲ, ಮೂರು

ಗೊಂದಲಕ್ಕೆಲ್ಲ ಮೂಲ ಒಂದೇ. ಮೂರು ಬೇರೆ ಬೇರೆ ಕಾಗದಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ಒಂದನೆಯದು ಜಾಗದ ಕಾಗದ. ಕ್ರಯಪತ್ರ, ಹಕ್ಕುಪತ್ರ, ಖಾತಾ, ಕಂದಾಯದ ರಸೀದಿ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಜಾಗ ಯಾರದು, ತೆರಿಗೆ ಯಾರು ಕಟ್ಟಬೇಕು ಎಂಬುದನ್ನು ಇವು ಹೇಳುತ್ತವೆ.

ಎರಡನೆಯದು ಕಟ್ಟಡ ಪರವಾನಗಿ. ನೀವು ಕೊಟ್ಟ ನಕ್ಷೆ ನೋಡಿ, "ಇಲ್ಲಿ, ಇಷ್ಟು ಎತ್ತರ, ಇಷ್ಟು ಜಾಗ ಬಿಟ್ಟು ಕಟ್ಟಬಹುದು" ಎಂದು ಸ್ಥಳೀಯ ಸಂಸ್ಥೆ ಕೊಡುವ ಅನುಮತಿ ಇದು. ಪಟ್ಟಣದೊಳಗೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಇದನ್ನು ಕೊಡುತ್ತದೆ. ಇದಕ್ಕೆ ಆಧಾರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಹಳ್ಳಿಗಳಲ್ಲಿ ಇದನ್ನು ಕೊಡುವುದು ಗ್ರಾಮ ಪಂಚಾಯಿತಿ.

ಮೂರನೆಯದು ಸ್ವಾಧೀನಾನುಭವ ಪ್ರಮಾಣಪತ್ರ. ಜನ ಒಸಿ ಎಂದು ಕರೆಯುವುದು ಇದನ್ನೇ. ಮನೆ ಮುಗಿದ ಮೇಲೆ, ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಿದ್ದಾರೆಯೇ ಎಂದು ಸ್ಥಳಕ್ಕೆ ಬಂದು ನೋಡಿ, ವಾಸಕ್ಕೆ ಯೋಗ್ಯ ಎಂದು ಕೊಡುವ ಪತ್ರ.

ಒಂದು ಕಾಗದ ಇನ್ನೊಂದರ ಕೆಲಸ ಮಾಡುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಮುಂದಿನ ಫಾರ್ವರ್ಡ್‌ಗಳಲ್ಲಿ ಎಲ್ಲಿ ಎಡವಿದ್ದಾರೆ ಎಂಬುದು ನಿಮಗೇ ಕಾಣುತ್ತದೆ.

1. "1,200 ಚದರಡಿವರೆಗೆ ಪರವಾನಗಿಯೇ ಬೇಡ"

*ತಪ್ಪು.* ಇದರ ಹಿಂದೆ ಒಂದು ನಿಜವಾದ ಸುದ್ದಿ ಇದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಮೀರತ್‌ನ ಪ್ರಕರಣವೊಂದರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ನೋಡಿದ ಮೇಲಷ್ಟೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳೂ ಆ ಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಎಂಬುದು ಅದರ ತಿರುಳು. ಇದರಿಂದ 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ಕಾಯಂ ಮೀಟರ್ ಕೊಡುವುದನ್ನು ನಿಲ್ಲಿಸಿದವು. ಮನೆ ಮುಗಿದರೂ ಹೆಚ್ಚಿನ ದರದ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡುವ ಸ್ಥಿತಿ ಬಂತು.

ಸಣ್ಣ ಮನೆಯವರ ಕಷ್ಟ ನೋಡಿ ರಾಜ್ಯ ಸರ್ಕಾರ ಅದೇ ವರ್ಷ ಸಡಿಲಿಕೆಗೆ ಮುಂದಾಯಿತು. 1,200 ಚದರಡಿವರೆಗಿನ ನಿವೇಶನದಲ್ಲಿ ಕಟ್ಟಿದ ವಾಸದ ಮನೆಗೆ ಒಸಿಯಿಂದ ವಿನಾಯಿತಿ ಎಂಬುದು ಆ ತೀರ್ಮಾನ. ಇದರಲ್ಲಿ ಮೂರು ಅಂಶ ಗಮನಿಸಿ. ವಿನಾಯಿತಿ ಇರುವುದು ಒಸಿಗೆ. ನಕ್ಷೆ ಮಂಜೂರಾತಿಗೆ, ಪರವಾನಗಿಗೆ ಅಲ್ಲ. 1,200 ಚದರಡಿ ಎಂದರೆ ಮನೆಯ ಅಳತೆಯಲ್ಲ, ನಿವೇಶನದ ಅಳತೆ: ಮೂವತ್ತು ನಲವತ್ತರ ಸೈಟು, ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು ಎರಡೂಮುಕ್ಕಾಲು ಸೆಂಟ್. ಐದು ಸೆಂಟ್ ಜಾಗದಲ್ಲಿ ಸಣ್ಣ ಮನೆ ಕಟ್ಟಿದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದಾಗಿ, ಇದು ವಾಸದ ಮನೆಗೆ. ಕೆಳಗೆ ನಾಲ್ಕು ಮಳಿಗೆ ಮಾಡಿ ಬಾಡಿಗೆಗೆ ಕೊಡುವ ಕಟ್ಟಡಕ್ಕೆ ಅಲ್ಲ.

2. "ಬಿ-ಖಾತಾ ಸಿಕ್ಕಿತು, ಕಂದಾಯ ಕಟ್ಟಿದ್ದೇವೆ, ಮನೆ ಸಕ್ರಮ ಆಯಿತು"

*ತಪ್ಪು.* 2025ರ ಫೆಬ್ರವರಿಯಿಂದ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ಹೊಲವನ್ನು ಭೂಪರಿವರ್ತನೆ ಮಾಡಿಸದೆ, ಬಡಾವಣೆಗೆ ಮಂಜೂರಾತಿ ಪಡೆಯದೆ ಹರಿದು ಹಂಚಿದ ಪ್ಲಾಟುಗಳೂ ತೆರಿಗೆ ವ್ಯಾಪ್ತಿಗೆ ಬರಲಿ ಎಂಬುದು ಉದ್ದೇಶ. ತೆರಿಗೆ ಪುಸ್ತಕದಲ್ಲಿ ನಿಮ್ಮ ಹೆಸರು ಬರುತ್ತದೆ. ಅದು ಒಳ್ಳೆಯದೇ. ಆದರೆ ಅನಧಿಕೃತ ಕಟ್ಟಡದಿಂದ ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಅದು ಅಧಿಕೃತವಾಗುವುದಿಲ್ಲ. ಕಂದಾಯದ ರಸೀದಿ ಜಾಗದ ಕಾಗದಗಳ ಗುಂಪಿಗೆ ಸೇರಿದ್ದು. ಕಟ್ಟಲು ಅನುಮತಿ ಕೊಡುವ ಶಕ್ತಿ ಅದಕ್ಕಿಲ್ಲ.

ಪ್ಲಾಟು ಕೊಳ್ಳುವ ಮೊದಲೇ ಎರಡು ಆದೇಶ ಕೇಳಿ ನೋಡಿ. ಒಂದು, ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಆದ ಭೂಪರಿವರ್ತನೆ. ನಮ್ಮ ಕಡೆ ಎನ್‌ಎ ಆಗಿದೆಯಾ ಎಂದು ಕೇಳುವುದು ಇದನ್ನೇ. ಎರಡು, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಮಂಜೂರಾತಿ. ಎನ್‌ಎ ಆಗಿದ್ದರೂ ಬಡಾವಣೆ ಮಂಜೂರಾಗದ ಪ್ಲಾಟುಗಳಿರುತ್ತವೆ. ದಲ್ಲಾಳಿ "ಎನ್‌ಎ ಪ್ಲಾಟ್ ಸಾರ್" ಎಂದರೆ ಅರ್ಧ ಉತ್ತರ ಮಾತ್ರ ಸಿಕ್ಕಿದೆ ಎಂದು ತಿಳಿಯಿರಿ.

3. "ಹಕ್ಕುಪತ್ರ ಬಂದ ಮೇಲೆ ಎಷ್ಟು ಮಹಡಿ ಬೇಕಾದರೂ ಕಟ್ಟಬಹುದು"

*ಅರ್ಧ ನಿಜ.* 2025ರ ಮೇ 20ರಂದು ಹೊಸಪೇಟೆಯಲ್ಲಿ ನಡೆದ ಸರ್ಕಾರದ ಕಾರ್ಯಕ್ರಮದಲ್ಲಿ 1,11,111 ಕುಟುಂಬಗಳಿಗೆ ಹಕ್ಕುಪತ್ರ ಎಂದು ಘೋಷಿಸಲಾಯಿತು. ದಾಖಲೆಯೇ ಇಲ್ಲದೆ ತಲೆತಲಾಂತರದಿಂದ ಬದುಕಿದ್ದ ತಾಂಡಾ, ಹಟ್ಟಿಗಳ ಜನರಿಗೆ ಇದು ದೊಡ್ಡ ವಿಷಯ. ತಾಂಡಾಗಳು ಹೆಚ್ಚಿರುವ ನಮ್ಮ ತಾಲ್ಲೂಕುಗಳಿಗಂತೂ ಇನ್ನೂ ದೊಡ್ಡದು.

ಹಕ್ಕುಪತ್ರ ಬಂದರೆ ಜಾಗ ನಿಮ್ಮದು ಎಂಬುದಕ್ಕೆ ಆಧಾರ ಸಿಕ್ಕಿತು. ಎಬ್ಬಿಸುತ್ತಾರೆ ಎಂಬ ಭಯ ಹೋಯಿತು. ಇಷ್ಟು ನಿಜ. ಆದರೆ ಹಳೆಯ ಹೆಂಚಿನ ಮನೆ ಕೆಡವಿ ಹೊಸ ಮನೆ ಎಬ್ಬಿಸುವಾಗ ಪಂಚಾಯಿತಿಯ ಅನುಮತಿ ಬೇಕೇ ಬೇಕು. ಹಕ್ಕುಪತ್ರದಲ್ಲಿ ಬರೆದ ಅಳತೆ, ಚೆಕ್‌ಬಂದಿ ಮೀರಿ ರಸ್ತೆಗೋ ಪಕ್ಕದವರ ಜಾಗಕ್ಕೋ ಗೋಡೆ ಹೋದರೆ ಆ ಪತ್ರ ನಿಮ್ಮನ್ನು ಕಾಪಾಡುವುದಿಲ್ಲ.

4. "ಹಳ್ಳಿಯಲ್ಲಿ, ನಮ್ಮದೇ ಹೊಲದಲ್ಲಿ ಯಾರನ್ನು ಕೇಳಬೇಕು?"

*ತಪ್ಪು.* 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಮನೆ ಕಟ್ಟುವಂತಿಲ್ಲ. ಇ-ಸ್ವತ್ತಿನ ನಮೂನೆ ಕೈಗೆ ಬಂದರೂ ಅದು ಆಸ್ತಿಯ ದಾಖಲೆಯೇ ಹೊರತು ಕಟ್ಟುವ ಅನುಮತಿ ಅಲ್ಲ.

ರೈತ ತನ್ನ ಹೊಲದಲ್ಲಿ ಕೃಷಿ ಉಪಯೋಗಕ್ಕೆ ಕಟ್ಟಿಕೊಳ್ಳುವ ತೋಟದ ಮನೆಗೆ, ಕೊಟ್ಟಿಗೆಗೆ ಭೂಪರಿವರ್ತನೆ ಬೇಕಿಲ್ಲ ಎಂಬುದು ನಿಜ. ಅದನ್ನೇ ಹಿಡಿದುಕೊಂಡು ಹೊಲದಲ್ಲಿ ಬಾಡಿಗೆ ಮನೆ, ಡಾಬಾ, ಕಲ್ಯಾಣ ಮಂಟಪ ಕಟ್ಟಿದರೆ ಆ ರಿಯಾಯಿತಿ ಸಿಗುವುದಿಲ್ಲ.

ನಮ್ಮ ಭಾಗಕ್ಕೆ ಎರಡು ವಿಶೇಷ ಎಚ್ಚರಿಕೆಗಳಿವೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದ ಮುಂದಿನ 200 ಮೀಟರ್‌ವರೆಗೆ ಕಟ್ಟಲು ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ಪಂಚಾಯಿತಿ ಹೂಂ ಎಂದರೆ ಸಾಲದು. ಹಾಗೆಯೇ ಕೂಡ್ಲಿಗಿ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಅಂಚಿನಲ್ಲಿ ಜಾಗ ಇದ್ದರೆ, ರಸ್ತೆಯಿಂದ ಎಷ್ಟು ಬಿಡಬೇಕು ಎಂಬುದನ್ನು ಹೆದ್ದಾರಿಯವರಿಂದ ಬರಹದಲ್ಲಿ ಪಡೆದು ಮುಂದುವರಿಯಿರಿ.

5. "ಮೊದಲು ಕಟ್ಟಿಬಿಡಿ, ಆಮೇಲೆ ದಂಡ ಕಟ್ಟಿದರೆ ಸಕ್ರಮ"

*ಇದನ್ನು ನಂಬಿ ಪಾಯ ತೆಗೆಯಬೇಡಿ.* ಅಕ್ರಮ ಸಕ್ರಮದ ಹೆಸರು ಎಲ್ಲರೂ ಕೇಳಿದ್ದೇವೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಪಡೆದು ಒಮ್ಮೆ ಮಾತ್ರ ಸಕ್ರಮ ಮಾಡುವ ಯೋಜನೆ ಅದು. 2013ರ ಅಕ್ಟೋಬರ್‌ಗೆ ಮೊದಲು ಕಟ್ಟಿದವುಗಳಿಗೆ ಮಾತ್ರ ಎಂದೇ ಅದರಲ್ಲಿತ್ತು. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈಗ ಕಟ್ಟುವ ಮನೆಗೆ ಆ ಯೋಜನೆಯ ಆಸರೆ ಇಲ್ಲ. 2024ರ ತೀರ್ಪಿನಲ್ಲೂ ಕೋರ್ಟ್ ಹೇಳಿದ್ದು ಇದನ್ನೇ: ಬಹಳ ದಿನ ಆಯಿತು, ಬಹಳ ದುಡ್ಡು ಸುರಿದೆವು ಎಂಬುದು ಅಕ್ರಮಕ್ಕೆ ಸಮರ್ಥನೆ ಆಗದು.

ನಿಯಮ ಇರುವುದು ಬರೀ ಶುಲ್ಕ ವಸೂಲಿಗೆ ಎಂದು ಬೇಸರಪಡುವವರಿಗೆ ಒಂದು ನೆನಪು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ಸತ್ತರು. ಎರಡು ಮಹಡಿಗೆಂದು ಹಾಕಿದ ಪಾಯ, ಪಿಲ್ಲರುಗಳ ಮೇಲೆ "ಇನ್ನೊಂದು ಎಬ್ಬಿಸೋಣ" ಎಂದು ಗೌಂಡಿಯ ಮಾತಿನ ಮೇಲೆ ಮೂರನೆಯದು ಏರಿಸಿದರೆ ಭಾರ ತಾಳುತ್ತದೆಯೇ ಎಂದು ಲೆಕ್ಕ ಹಾಕಬೇಕಾದವರು ಎಂಜಿನಿಯರ್. ಆ ಲೆಕ್ಕ ಆಗಲೇಬೇಕು ಎಂದು ಕೇಳುವುದು ಪರವಾನಗಿ. ಕಟ್ಟಿದ್ದು ಆ ನಕ್ಷೆಗೆ ಹೊಂದಿದೆಯೇ ಎಂದು ನೋಡುವುದು ಒಸಿ.

6. "ಒಸಿ ಇಲ್ಲದ ಮನೆಗಳಿಗೆ ನಾಳೆಯೇ ಜೆಸಿಬಿ ಬರುತ್ತದೆ"

*ಸುಳ್ಳು ಭಯ.* ಒಸಿ ಇಲ್ಲ ಎಂಬ ಒಂದೇ ಕಾರಣಕ್ಕೆ ರಾತ್ರೋರಾತ್ರಿ ಯಾರ ಮನೆಯನ್ನೂ ಕೆಡವುವಂತಿಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸ್ ಕೊಡಬೇಕು, ಮಾಲೀಕರ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿ, ನದಿ ಅಥವಾ ಕೆರೆ ಜಾಗದ ಒತ್ತುವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ನೋಟಿಸ್ ಬಂದರೆ ಸಂದೇಶ ಹಂಚುತ್ತಾ ಕೂರಬೇಡಿ. ಅದರಲ್ಲಿ ಬರೆದ ದಿನದೊಳಗೆ ಲಿಖಿತ ಉತ್ತರ ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಉತ್ತರ ಕೊಡದೆ ಬಿಟ್ಟ ನೋಟಿಸ್ಸೇ ಮುಂದೆ ಹೆಚ್ಚು ಕಾಡುತ್ತದೆ.

ಪಾಯ ತೆಗೆಯುವ ಮೊದಲು

- ನಿಮ್ಮ ಜಾಗ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ವ್ಯಾಪ್ತಿಯದೋ, ಗ್ರಾಮ ಪಂಚಾಯಿತಿಯದೋ ಖಚಿತ ಮಾಡಿಕೊಳ್ಳಿ. ಊರಂಚಿನ ಪ್ಲಾಟುಗಳಲ್ಲಿ ತಪ್ಪು ಕಚೇರಿಗೆ ಅಲೆದಾಡಿ ತಿಂಗಳು ಕಳೆಯುವವರಿದ್ದಾರೆ.
- ಕ್ರಯಪತ್ರ ಅಥವಾ ಹಕ್ಕುಪತ್ರ, ಇ-ಖಾತಾ, ಈ ವರ್ಷದ ಕಂದಾಯ ರಸೀದಿ, ಭೂಪರಿವರ್ತನೆ ಹಾಗೂ ಬಡಾವಣೆ ಮಂಜೂರಾತಿಯ ಪ್ರತಿ ಒಂದು ಕಡೆ ಸೇರಿಸಿಡಿ. ಎಲ್ಲದರಲ್ಲೂ ಹೆಸರು, ಅಳತೆ, ಚೆಕ್‌ಬಂದಿ ಒಂದೇ ಇರಲಿ.
- ನಕ್ಷೆಯನ್ನು ನೋಂದಾಯಿತ ಎಂಜಿನಿಯರ್ ಕೈಯಲ್ಲೇ ಮಾಡಿಸಿ. ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದು ನಿವೇಶನದ ಅಳತೆ, ಕಟ್ಟಡದ ಎತ್ತರದ ಮೇಲೆ ನಿಂತಿದೆ. ಪಕ್ಕದ ಮನೆಯವರು ಬಿಟ್ಟಿದ್ದು ನಿಮಗೆ ಅಳತೆಗೋಲಲ್ಲ.
- ಪರವಾನಗಿ ಪತ್ರದಲ್ಲಿ ಅವಧಿ ಬರೆದಿರುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ನವೀಕರಿಸಿ.
- ಮಂಜೂರಾದ ನಕ್ಷೆಯ ಒಂದು ಪ್ರತಿ ಕೆಲಸದ ಜಾಗದಲ್ಲೇ ಇರಲಿ. ನಡುವೆ ಬದಲಾವಣೆ ಬೇಕೆನಿಸಿದರೆ ಗೋಡೆ ಎಬ್ಬಿಸುವ ಮೊದಲೇ ನಕ್ಷೆ ತಿದ್ದಿಸಿ.

ಅರ್ಜಿ ಕೊಟ್ಟ ಮೇಲೆ

"ನಾಳೆ ಬಾ" ಎಂದು ಅಲೆಸಿದರೆ ಏನು ಮಾಡುವುದು? ಕಟ್ಟಡ ಪರವಾನಗಿ 2011ರ ಸಕಾಲ ಕಾಯ್ದೆಯ ಸೇವೆಗಳಲ್ಲಿ ಸೇರಿದೆ. ಅರ್ಜಿ ಕೊಟ್ಟ ದಿನವೇ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಗೊತ್ತುಪಡಿಸಿದ ದಿನಗಳೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಚಿಕ್ಕದು, ಆದರೆ ಅರ್ಜಿ ಎಲ್ಲಿ, ಯಾರ ಮೇಜಿನ ಮೇಲೆ ನಿಂತಿದೆ ಎಂಬುದು ದಾಖಲಾಗುತ್ತದೆ. ಸ್ವೀಕೃತಿ ಇಲ್ಲದೆ ಮಧ್ಯವರ್ತಿಯ ಕೈಗೆ ಕೊಟ್ಟ ಕಾಗದಕ್ಕೆ ಈ ಯಾವ ಬಲವೂ ಇಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು.

ಮುಂದಿನ ಸಲ ಇಂಥ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಜಾಗದ ಕಾಗದದ ಮಾತೋ, ಕಟ್ಟುವ ಅನುಮತಿಯದೋ, ವಾಸದ ಪತ್ರದ್ದೋ? ಸಂದೇಶದಲ್ಲಿ ಅದು ಬರೆದಿಲ್ಲ ಎಂದಾದರೆ ಫಾರ್ವರ್ಡ್ ಮಾಡಬೇಡಿ. ನಿಮ್ಮ ಗುಂಪಿನಲ್ಲಿ ಯಾರೋ ಒಬ್ಬರು ಬರುವ ಸೋಮವಾರ ಪಾಯ ಪೂಜೆ ಇಟ್ಟುಕೊಂಡಿರಬಹುದು.