ಅಹಕಿಸ್ಟಾ: ಕಡಲಂಚಿನ ಹಳ್ಳಿ, 329 ಹೆಸರುಗಳು

ಕಾರ್ಕ್ ನಗರದಿಂದ ಪಶ್ಚಿಮಕ್ಕೆ ಹೊರಟು, ಬ್ಯಾಂಟ್ರಿಯನ್ನೂ ಡರಸ್ ಹಳ್ಳಿಯನ್ನೂ ದಾಟಿದರೆ ರಸ್ತೆ ಕಿರಿದಾಗುತ್ತದೆ. ಒಂದು ಬದಿಗೆ ಡನ್‌ಮ್ಯಾನಸ್ ಕೊಲ್ಲಿ. ಇನ್ನೊಂದು ಬದಿಗೆ ಕಲ್ಲುಬೇಲಿಯ ಹುಲ್ಲುಗಾವಲು. ಶೀಪ್ಸ್ ಹೆಡ್ ಪರ್ಯಾಯದ್ವೀಪದ ಈ ದಂಡೆಯಲ್ಲಿಯೇ ಅಹಕಿಸ್ಟಾ ಇದೆ. ದೋಣಿ ನಿಲ್ಲುವ ಪುಟ್ಟ ಧಕ್ಕೆ, ಚದುರಿದ ಮನೆಗಳು, ಪಬ್ಬು, ಊರೆಂದರೆ ಇಷ್ಟೇ.

ಊರು ಚಿಕ್ಕದಾದರೂ ಇದರ ಚರಿತ್ರೆ ಹಳೆಯದು. ಸಮೀಪದ ಗೋರ್ಟಿಯಾನಿಷ್‌ನಲ್ಲಿ ಪ್ರಾಚೀನ ಕಾಲದ ಶಿಲಾವೃತ್ತವಿದೆ. ಇದೇ ಪರ್ಯಾಯದ್ವೀಪದ ಡ್ರಾಮ್ನಿಯಾದಲ್ಲಿ ಓ'ಡಾಲಿ ಮನೆತನದವರು ಕಾವ್ಯಶಾಲೆಯನ್ನು ನಡೆಸುತ್ತಿದ್ದರು. ನಮ್ಮ ಗುರುಕುಲಗಳಂತೆ ಅಲ್ಲಿಯೂ ವಿದ್ಯೆ ಮನೆತನದ ಸ್ವತ್ತು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಬಂದಾಗ ಪಶ್ಚಿಮ ಕಾರ್ಕ್ ಅಪಾರ ಸಾವನ್ನು ಕಂಡಿತು. ಬದುಕುಳಿದವರಲ್ಲಿ ಅನೇಕರು ಹಡಗು ಹತ್ತಿದರು. ಮರಳಿ ಬಾರದವರಿಗಾಗಿ ಕಡಲನ್ನು ದಿಟ್ಟಿಸುವುದು ಇಲ್ಲಿಯವರಿಗೆ ಹೊಸತಲ್ಲ. 1857ರ ದಂಗೆಯ ಕಾಲದ ಭಾರತವನ್ನು ಕುರಿತು 'ದಿ ಸೀಜ್ ಆಫ್ ಕೃಷ್ಣಾಪುರ್' ಬರೆದು 1973ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಜೆ. ಜಿ. ಫ್ಯಾರೆಲ್ ನೆಲೆಸಿದ್ದುದೂ ಈ ಪರ್ಯಾಯದ್ವೀಪದಲ್ಲಿಯೇ. 1979ರಲ್ಲಿ ಮೀನು ಹಿಡಿಯುತ್ತಿದ್ದಾಗ ಅವರು ಅಲೆಗೆ ಸಿಕ್ಕಿ ತೀರಿಕೊಂಡರು, ಸಮಾಧಿ ಡರಸ್‌ನಲ್ಲಿದೆ.

ಆದರೆ ನಾವು ಅಲ್ಲಿಗೆ ಹೋದದ್ದು ಬೇರೊಂದು ಕಾರಣಕ್ಕೆ.

1985ರ ಜೂನ್ 23, ಭಾನುವಾರ. ಟೊರಾಂಟೊ, ಮಾಂಟ್ರಿಯಲ್‌ಗಳಿಂದ ಲಂಡನ್ ಮಾರ್ಗವಾಗಿ ದೆಹಲಿ, ಮುಂಬಯಿಗೆ ಹೊರಟಿದ್ದ ಏರ್ ಇಂಡಿಯಾದ 'ಕನಿಷ್ಕ' ವಿಮಾನ ಬೆಳಗ್ಗೆ ಎಂಟೂಕಾಲರ ಹೊತ್ತಿಗೆ ಶಾನನ್ ನಿಯಂತ್ರಣ ಕೇಂದ್ರದ ಪರದೆಯಿಂದ ಮರೆಯಾಯಿತು. ಸಾಮಾನಿನಲ್ಲಿ ಇರಿಸಿದ್ದ ಬಾಂಬು 31,000 ಅಡಿ ಎತ್ತರದಲ್ಲಿ ಸಿಡಿದಿತ್ತು. 329 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬೇಸಿಗೆ ರಜೆಗೆ ಅಜ್ಜಿಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿ ಎಷ್ಟೋ ಇದ್ದರು. ಪ್ರತಿ ಜೂನ್‌ನಲ್ಲಿ ಮಕ್ಕಳೊಡನೆ ವಿಮಾನ ಹತ್ತುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

'ಲಾರೆಂಟಿಯನ್ ಫಾರೆಸ್ಟ್' ಎಂಬ ಸರಕು ಹಡಗು, ಐರಿಷ್ ನೌಕಾಪಡೆಯ 'ಆಷ್ಲಿಂಗ್', ವ್ಯಾಲೆಂಶಿಯಾದ ರಕ್ಷಣಾ ದೋಣಿ ಮುಂತಾದವು ಕಡಲಲ್ಲಿ ಹುಡುಕಿದವು. ದೊರೆತ 131 ದೇಹಗಳನ್ನು ಕಾರ್ಕ್ ಪ್ರಾದೇಶಿಕ ಆಸ್ಪತ್ರೆಗೆ ತಂದರು. ಡಿಎನ್ಎ ಪರೀಕ್ಷೆ ಬಳಕೆಗೆ ಬಂದಿರದ ಕಾಲವದು. ಬೆರಳಚ್ಚು, ಹಲ್ಲುಗಳ ದಾಖಲೆ, ಒಡವೆ, ಬಟ್ಟೆ ಇವುಗಳಿಂದಲೇ ಗುರುತು ಹಿಡಿಯಬೇಕು. ಒಂದೇ ಬಾರಿಗೆ ಅಷ್ಟು ಶವಗಳ ಪರೀಕ್ಷೆ ನಡೆಸುತ್ತ, ಹೊರಗೆ ಕಾದಿರುವ ತಂದೆತಾಯಿಯರಿಗೆ ಉತ್ತರ ಹೇಳುವುದೆಂದರೇನು ಎಂಬುದು ವೈದ್ಯರಾದ ನಮಗೆ ಊಹೆಗೆ ನಿಲುಕುತ್ತದೆ, ಪೂರ್ತಿಯಾಗಿ ಅಲ್ಲ. ಉಳಿದ 198 ಮಂದಿ ಸಿಗಲೇ ಇಲ್ಲ. ಅವರ ಮನೆಯವರಿಗೆ ದಹನಕ್ಕೆ ದೇಹವಿಲ್ಲ, ಬಿಡಲು ಅಸ್ಥಿಯಿಲ್ಲ.

ಸತ್ತವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು. ಆದರೂ ಕೆನಡಾದ ಪ್ರಧಾನಿ ಮಲ್ರೋನಿ ಸಂತಾಪ ತಿಳಿಸಿದ್ದು ರಾಜೀವ್ ಗಾಂಧಿಯವರಿಗೆ! ಪಾಸ್‌ಪೋರ್ಟ್ ಒಂದು ದೇಶದ್ದು, ಶೋಕ ಇನ್ನೊಂದರದ್ದು ಎಂದಾಯಿತು. ಆ ಸರ್ಕಾರ ಸಂತ್ರಸ್ತ ಕುಟುಂಬಗಳ ಕ್ಷಮೆ ಕೇಳಿದ್ದು 2010ರಲ್ಲಿ, 25 ವರ್ಷಗಳ ತರುವಾಯ.

ಅಹಕಿಸ್ಟಾದಲ್ಲಿ ಸ್ಮಾರಕ ಎದ್ದದ್ದು ಒಂದೇ ವರ್ಷದಲ್ಲಿ. 1986ರ ಜೂನ್ 23ರಂದು, ಕಾರ್ಕ್‌ನ ಶಿಲ್ಪಿ ಕೆನ್ ಥಾಂಪ್ಸನ್ ಕಡೆದ ಛಾಯಾಗಡಿಯಾರ ಇಲ್ಲಿ ಅನಾವರಣಗೊಂಡಿತು. ಹಿಂದೆ ತೋಟ, ಮುಂದೆ ಕೊಲ್ಲಿ, ಗೋಡೆಯ ಮೇಲೆ ಹೆಸರುಗಳು. ಪ್ರತಿ ವರ್ಷ ಆ ದಿನ ಬೆಳಗ್ಗೆ, ಅದೇ ಹೊತ್ತಿಗೆ, ದೂರದಿಂದ ಬಂದ ಬಂಧುಗಳ ಜೊತೆ ಊರವರೂ ಮೌನವಾಗಿ ನಿಲ್ಲುತ್ತಾರೆ. ಸತ್ತವರು ಇವರ ಊರಿನವರಲ್ಲ, ವಿಮಾನ ಇಲ್ಲಿಗೆ ಬರುವುದೂ ಇರಲಿಲ್ಲ. 2005ರಲ್ಲಿ ಪ್ರಧಾನಿ ಪಾಲ್ ಮಾರ್ಟಿನ್, ಅಧ್ಯಕ್ಷೆ ಮೇರಿ ಮೆಕಲೀಸ್ ಬಂದಿದ್ದರು. ಗಣ್ಯರು ಬರಲಿ, ಬಾರದಿರಲಿ, ಊರವರು ಬರುವುದು ತಪ್ಪಿಲ್ಲ.

ನಾವು ಹೋದ ದಿನ ಸಣ್ಣ ಮಳೆಯಿತ್ತು. ಛಾಯಾಗಡಿಯಾರದಲ್ಲಿ ನೆರಳೇ ಇರಲಿಲ್ಲ. ಮಕ್ಕಳು ಗೋಡೆಯ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಹೋದರು. ಅವರಲ್ಲಿ ಒಬ್ಬಳು ನಡುವೆ ನಿಂತು, ಒಂದೇ ಮನೆತನದ ಹೆಸರು ಸಾಲಾಗಿ ಬಂದಿರುವುದೇಕೆ ಎಂದು ಕೇಳಿದಳು.