55 ಸೆಕೆಂಡುಗಳ ದೂರ



ಮಧ್ಯಾಹ್ನದ ಇತಿಹಾಸ ತರಗತಿಯಲ್ಲಿ ನಿಮ್ಮ ತೂಕಡಿಕೆ ಬಿಡಿಸಲೆಂದು ನಾನು ದುರ್ಬಲರು ಬಲಿಷ್ಠರನ್ನು ಗೆದ್ದ ಪ್ರಸಂಗಗಳನ್ನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್‌ನಲ್ಲಿ ಬಹುಪಾಲು ಕಾಲೇಜು ಹುಡುಗರೇ ಇದ್ದ ಅಮೆರಿಕದ ಐಸ್ ಹಾಕಿ ತಂಡವು, ಹಿಂದಿನ ನಾಲ್ಕು ಒಲಿಂಪಿಕ್ಸ್‌ಗಳಲ್ಲೂ ಚಿನ್ನ ಗೆದ್ದಿದ್ದ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿದ ಕಥೆ ಅವುಗಳಲ್ಲೊಂದು.

ಆ ಕಥೆಯಲ್ಲಿ ನಾನೊಂದು ತಪ್ಪು ಹೇಳುತ್ತಿದ್ದೆ. ಅದನ್ನು ಅಂತಿಮ ಪಂದ್ಯವೆನ್ನುತ್ತಿದ್ದೆ. ಅದು ಅಂತಿಮ ಪಂದ್ಯವಾಗಿರಲಿಲ್ಲ. ಎರಡು ದಿನಗಳ ಬಳಿಕ ಫಿನ್ಲೆಂಡ್ ವಿರುದ್ಧ ಇನ್ನೊಂದು ಪಂದ್ಯವಿತ್ತು. ಅದರ ಮೂರನೆಯ ಅವಧಿ ಆರಂಭವಾಗುವಾಗ ಅಮೆರಿಕ 1–2ರಿಂದ ಹಿಂದಿತ್ತು. ಕೊನೆಗೆ 4–2ರಿಂದ ಗೆದ್ದಿತು, ಚಿನ್ನ ಪಡೆಯಿತು. ಸೋತಿದ್ದರೆ ಶುಕ್ರವಾರದ ಆ 'ಪವಾಡ'ಕ್ಕೆ ಚಿನ್ನದ ಖಾತರಿ ಇರಲಿಲ್ಲ.

ಇದು ಸಣ್ಣ ತಪ್ಪು. ಇದಕ್ಕಿಂತ ದೊಡ್ಡದನ್ನು ತೋರಿಸಿಕೊಟ್ಟವನು ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿ. 2018ರ ಫೆಬ್ರವರಿ 25ರ ಭಾನುವಾರ ಅವನು ದೂರವಾಣಿ ಮಾಡಿದ. ಅಲ್ಲಿ ಬೆಳಕು ಹರಿಯುವ ಮುನ್ನವೇ ಎದ್ದು, ಕೊರಿಯಾದಲ್ಲಿ ನಡೆದ ಒಲಿಂಪಿಕ್ ಐಸ್ ಹಾಕಿಯ ಅಂತಿಮ ಪಂದ್ಯವನ್ನು ನೋಡಿದ್ದನಂತೆ. ಜರ್ಮನಿ ಸೋತಿತ್ತು. "ಗೆದ್ದಿದ್ದರೆ ನೀವು ಇದನ್ನು ತರಗತಿಯಲ್ಲಿ ಹೇಳುತ್ತಿದ್ದಿರಿ ಅಲ್ಲವೇ ಮೇಷ್ಟ್ರೇ?" ಎಂದು ಕೇಳಿದ. ನಾನು ನಿರುತ್ತರನಾದೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕಗಳ ಕೊರತೆಯಿಂದ ಒಂದು ವರ್ಷ ಕಳೆದುಕೊಂಡವನು ಅವನು. ಅಂದು ಅವನಿಗೆ ಹೇಳಲು ನನ್ನ ಬಳಿ ಗೆದ್ದವರ ಕಥೆಗಳಷ್ಟೇ ಇದ್ದವು. ಇಂದು ಹೇಳಲಿರುವುದು ಅವನಿಗೆ ಸಲ್ಲಬೇಕಾದ ಕಥೆ.

ಆ ತಂಡದ ಪೂರ್ವಚರಿತ್ರೆಯನ್ನು ಗಮನಿಸಿ. ಪಶ್ಚಿಮ ಜರ್ಮನಿ 1976ರಲ್ಲಿ ಒಂದು ಕಂಚು ಪಡೆದಿತ್ತು. ಅದೂ ಮೂರು ತಂಡಗಳ ಅಂಕಗಳು ಸಮವಾಗಿ, ಗೋಲುಗಳ ಅನುಪಾತದಲ್ಲಿ ಕೂದಲೆಳೆಯಷ್ಟು ಮುಂದಿದ್ದುದರಿಂದ. 1992ರಲ್ಲಿ ಕೆನಡಾ ವಿರುದ್ಧದ ಕ್ವಾರ್ಟರ್ ಫೈನಲ್ ಶೂಟೌಟ್‌ವರೆಗೂ ಹೋಯಿತು. ಪೀಟರ್ ಡ್ರೈಸೈಟಲ್ ಹೊಡೆದ ಪಕ್, ಎಂದರೆ ರಬ್ಬರಿನ ಬಿಲ್ಲೆ, ಗೋಲ್‌ಕೀಪರನ ಕಾಲುಗಳ ನಡುವೆ ನುಸುಳಿ ಗೋಲಿನ ಗೆರೆಯ ಮೇಲೆಯೇ ನಿಂತುಬಿಟ್ಟಿತು. 2014ರ ಸೋಚಿಗಂತೂ ಜರ್ಮನಿ ಅರ್ಹತೆಯನ್ನೇ ಪಡೆಯಲಿಲ್ಲ.

2018ರಲ್ಲಿ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್ ತನ್ನ ಆಟಗಾರರನ್ನು ಕಳುಹಿಸಲಿಲ್ಲ. ಇದರಿಂದ ಕೆನಡಾ, ಸ್ವೀಡನ್‌ಗಳ ಬಲ ಕುಗ್ಗಿತೆಂಬುದು ನಿಜ. ಆದರೆ ಜರ್ಮನಿಗೂ ನಷ್ಟವಾಯಿತು: ಅದೇ ಪೀಟರ್ ಡ್ರೈಸೈಟಲ್‌ನ ಮಗ ಲಿಯಾನ್ ಆ ಲೀಗಿನಲ್ಲಿದ್ದ ಕಾರಣ ಬರಲಾಗಲಿಲ್ಲ. ಇನ್ನು ರಷ್ಯನ್ನರ ತಂಡದಲ್ಲಿದ್ದ ಆಟಗಾರರೆಲ್ಲ ಸ್ವದೇಶದ ಕ್ಲಬ್ಬುಗಳಲ್ಲೇ ಆಡುತ್ತಿದ್ದರು. ಉದ್ದೀಪನ ಮದ್ದಿನ ಹಗರಣದಿಂದಾಗಿ ತಮ್ಮ ಧ್ವಜವಿಲ್ಲದೆ ಬಂದಿದ್ದರೂ ಪಂದ್ಯಾವಳಿಯ ಅತ್ಯಂತ ಪ್ರಬಲ ತಂಡ ಅವರದೇ ಆಗಿತ್ತು.

ಮಾರ್ಕೋ ಸ್ಟರ್ಮ್ ತರಬೇತಿಯ ಜರ್ಮನಿ ಮೊದಲೆರಡು ಪಂದ್ಯಗಳನ್ನು ಸೋತಿತು. ನಾರ್ವೆಯನ್ನು ಶೂಟೌಟ್‌ನಲ್ಲಿ, ಸ್ವಿಟ್ಜರ್ಲೆಂಡನ್ನು ಹೆಚ್ಚುವರಿ ಅವಧಿಯಲ್ಲಿ, ಸ್ವೀಡನ್ನನ್ನೂ ಹೆಚ್ಚುವರಿ ಅವಧಿಯಲ್ಲಿ ಸೋಲಿಸಿತು. ನಿಗದಿತ 60 ನಿಮಿಷಗಳಲ್ಲಿ ಅದು ಗೆದ್ದದ್ದು ಒಂದೇ ಪಂದ್ಯವನ್ನು. ಕೆನಡಾ ವಿರುದ್ಧದ ಸೆಮಿಫೈನಲನ್ನು, 4–3ರಿಂದ. ಇದರಲ್ಲೇ ದುರ್ಬಲರ ಅವಕಾಶದ ಗುಟ್ಟಿದೆ. ಗೋಲುಗಳು ವಿರಳವಾದ ಆಟದಲ್ಲಿ ಬಲಿಷ್ಠನನ್ನು ಮೀರಿಸಬೇಕಾಗಿಲ್ಲ. ಕೊನೆಯವರೆಗೂ ಅವನ ಬೆನ್ನು ಬಿಡದೆ ಉಳಿದರೆ ಒಂದು ಗೋಲು ಸಾಕು.

ಅಂತಿಮ ಪಂದ್ಯದಲ್ಲಿ ನಡೆದದ್ದೂ ಅದೇ. ಮುಗಿಯಲು ಮೂರು ನಿಮಿಷ ಚಿಲ್ಲರೆ ಉಳಿದಿರುವಾಗ ಯೋನಾಸ್ ಮ್ಯುಲ್ಲರ್ ಗೋಲು ಹೊಡೆದು ಜರ್ಮನಿಗೆ 3–2ರ ಮುನ್ನಡೆ ತಂದ. ಮರುನಿಮಿಷದಲ್ಲೇ ರಷ್ಯದ ಆಟಗಾರನೊಬ್ಬನಿಗೆ ಎರಡು ನಿಮಿಷ ಹೊರಗೆ ಕೂರುವ ಶಿಕ್ಷೆಯಾಯಿತು. ಆಗ ರಷ್ಯನ್ನರು ತಮ್ಮ ಗೋಲ್‌ಕೀಪರನನ್ನೇ ಹೊರಗೆ ಕರೆದು ಮತ್ತೊಬ್ಬ ಆಟಗಾರನನ್ನು ಇಳಿಸಿದರು. ಅವರ ಗೋಲು ಬರಿದಾಗಿತ್ತು. ಪಕ್ಕನ್ನು ಒಮ್ಮೆ ಅತ್ತ ನೂಕಿದ್ದರೆ ಚಿನ್ನ ಜರ್ಮನಿಯದು. ಅದಾಗಲಿಲ್ಲ. ಇನ್ನು 55 ಸೆಕೆಂಡುಗಳಿರುವಾಗ ನಿಕಿತಾ ಗುಸೆವ್ ಸಮಗೊಳಿಸಿದ.

ಹೆಚ್ಚುವರಿ ಅವಧಿಯಲ್ಲಿ ಕೋಲನ್ನು ಎತ್ತರಕ್ಕೆತ್ತಿದ ತಪ್ಪಿಗಾಗಿ ಜರ್ಮನಿಯ ಪ್ಯಾಟ್ರಿಕ್ ರೈಮರ್ ಹೊರಗೆ ಕುಳಿತ. ಆ ಹೊತ್ತಿನಲ್ಲೇ ಕಿರಿಲ್ ಕಪ್ರಿಜೋವ್ ಗೋಲು ಹೊಡೆದ. ಪಂದ್ಯ 4–3ರಿಂದ ಮುಗಿಯಿತು. ನಾಲ್ಕು ದಿನಗಳ ಹಿಂದೆ ಸ್ವೀಡನ್ ವಿರುದ್ಧ ಗೆಲುವಿನ ಗೋಲು ಹೊಡೆದವನು ಇದೇ ರೈಮರ್! ಬುಧವಾರ ತಂಡವನ್ನು ಉಳಿಸಿದವನು ಭಾನುವಾರ ಹೊರಗೆ ಕುಳಿತು ಸೋಲನ್ನು ನೋಡಬೇಕಾಯಿತು. ಅವನನ್ನು ವೀರನೆನ್ನೋಣವೇ, ಅಪರಾಧಿಯೆನ್ನೋಣವೇ? ಎರಡೂ ಅಲ್ಲ, ಎರಡು ದಿನವೂ ಆಡಿದವನು ಒಬ್ಬನೇ.

1980ರ ಅಮೆರಿಕನ್ನರಿಗೂ 2018ರ ಜರ್ಮನ್ನರಿಗೂ ಪರಿಶ್ರಮದಲ್ಲಿ, ಧೈರ್ಯದಲ್ಲಿ ನನಗೆ ಭೇದ ಕಾಣುವುದಿಲ್ಲ. ಸೋವಿಯತ್ತರ ವಿರುದ್ಧ ಮುನ್ನಡೆ ಪಡೆದ ಮೇಲೆ ಅಮೆರಿಕನ್ನರು ಅದನ್ನು ಹತ್ತು ನಿಮಿಷ ಕಾಪಾಡಿಕೊಂಡರು. ಜರ್ಮನ್ನರಿಗೆ ಕೊನೆಯ 55 ಸೆಕೆಂಡು ಕಡಿಮೆಯಾಯಿತು. ನಾವು ಒಂದನ್ನು ಪವಾಡವೆಂದು ಕರೆದು ಮಕ್ಕಳಿಗೆ ಕಲಿಸಿದೆವು, ಇನ್ನೊಂದನ್ನು ಮರೆತೆವು. ಗೆದ್ದವರ ಕಥೆಗಳನ್ನಷ್ಟೇ ಕೇಳಿ ಬೆಳೆದ ಮಗು, ತಾನು ಸೋತಾಗ ತನ್ನ ಶ್ರಮವೇ ಸುಳ್ಳೆಂದು ತಿಳಿಯುತ್ತದೆ. ಇತಿಹಾಸದ ಅಧ್ಯಾಪಕನಾಗಿ ಅದಕ್ಕೆ ನಾನೂ ಹೊಣೆಗಾರ.

ಮುಂದೇನಾಯಿತು? 2022ರ ಬೀಜಿಂಗ್‌ನಲ್ಲಿ ಜರ್ಮನಿ ಸ್ಲೊವಾಕಿಯಾಕ್ಕೆ 0–4ರಿಂದ ಸೋತು ಬೇಗನೆ ಮನೆಗೆ ಮರಳಿತು. ಆದರೆ 2023ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯ ತಲುಪಿತು. ಅಲ್ಲಿಯೂ ಕೆನಡಾಕ್ಕೆ ಸೋತಿತಾದರೂ, ಆ ಬೆಳ್ಳಿ 1953ರ ಬಳಿಕ ಆ ಕೂಟದಲ್ಲಿ ಅದಕ್ಕೆ ದೊರೆತ ಮೊದಲ ಪದಕ.

ಆ ವಿದ್ಯಾರ್ಥಿಗೆ ನಾನು ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಮಗು, ದುರ್ಬಲನಿಗೆ ಅವಕಾಶವಿದೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅವಕಾಶವೆಂಬುದು ವಾಗ್ದಾನವಲ್ಲ ಎಂಬ ಇನ್ನರ್ಧ ಮಾತನ್ನು ನಾನು ಹೇಳದೇ ಬಿಟ್ಟಿದ್ದೆ. ನಿನ್ನ ಎರಡು ಅಂಕಗಳೂ ಅವರ 55 ಸೆಕೆಂಡುಗಳೂ ಒಂದೇ ಜಾತಿಯವು. ನೀನು ಮರುವರ್ಷ ಮತ್ತೆ ಪರೀಕ್ಷೆಗೆ ಕುಳಿತೆಯಲ್ಲ, ಅದನ್ನು ನಾನು ಅಂದೇ ತರಗತಿಯಲ್ಲಿ ಹೇಳಬೇಕಾಗಿತ್ತು.